ಮಡುವಿನೊಡತಿಗೆ ತಿರುವಿದ ಅಂಗಿ

ಜಾವಾದ ವಾತುಗೆಡೆ ಊರಿನ ದರ್ಜಿ ಕಸ್ಮಾದಿಗೆ ದೆವ್ವಗಳಲ್ಲಿ ನಂಬಿಕೆ ಇರಲಿಲ್ಲ. ಆದರೂ ಅವನ ಅರ್ಧ ಹೊಟ್ಟೆ ತುಂಬಿಸಿದ್ದು ಅವೇ. ಉಳಿದರ್ಧ ಸರ್ಕಾರಿ ನೌಕರರ ಖಾಕಿ ಅಂಗಿಗಳ ಪಾಲು. ಬೆಳಗಿನ ಹೊತ್ತು ಕತ್ತರಿ ಹಿಡಿಯುತ್ತಿದ್ದ. ಊಟವಾದ ಮೇಲೆ, ಗಿರಾಕಿಗಳು ಬಿಸಿಲಿಗೆ ಹೆದರಿ ಮನೆಯೊಳಗೇ ಇರುವ ಹೊತ್ತಿನಲ್ಲಿ, ಅದೇ ಮೇಜಿನ ಮೇಲಿನ ಬಟ್ಟೆಯ ಚೂರುಗಳನ್ನು ಪಕ್ಕಕ್ಕೆ ಸರಿಸಿ ಕತೆ ಬರೆಯುತ್ತಿದ್ದ. ಸುರಬಾಯಾದ ಒಂದು ಜಾವಾ ಭಾಷೆಯ ವಾರಪತ್ರಿಕೆಯ ಕೊನೆಯ ಪುಟಗಳಲ್ಲಿ ಅವು ಬರುತ್ತಿದ್ದವು. ಒಂದು ಕೊಲೆ, ಒಬ್ಬ ಪತ್ತೇದಾರ, ನಡುವೆ ಎಲ್ಲಾದರೂ ಒಂದು ಮಾಟವೋ ಪ್ರೇತವೋ. ಬ್ರಾಂತಾಸ್ ಹೊಳೆಯ ಎರಡೂ ದಂಡೆಯ ಊರುಗಳಲ್ಲಿ ಜನ ಆ ಪತ್ರಿಕೆಯನ್ನು ಹಿಂದಿನಿಂದ ಮುಂದಕ್ಕೆ ಓದುತ್ತಿದ್ದರು.

ಕತೆಗೆ ಅವನದೊಂದು ನಿಯಮವಿತ್ತು. ದೆವ್ವ ಬೆರಳು ತೋರಿಸಬಹುದು, ಅಳಬಹುದು, ದೀಪ ಆರಿಸಬಹುದು, ಕೊಲ್ಲಕೂಡದು. ಕೊಂದ ಕೈಗೆ ಉಗುರಿರಬೇಕು, ಉಗುರಿನಡಿ ಮಣ್ಣಿರಬೇಕು. ಓದುವವನು ಮುಕ್ಕಾಲು ಪಾಲು ಕತೆ ಪ್ರೇತಕ್ಕೆ ಹೆದರಿ, ಕೊನೆಗೆ ಪಕ್ಕದ ಮನೆಯವನಿಗೆ ಹೆದರಬೇಕು ಎನ್ನುತ್ತಿದ್ದ.

ಈ ಬುದ್ಧಿ ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪ ಕೆಡಿರಿ ರಸ್ತೆಯಲ್ಲಿ ಕುದುರೆಗಾಡಿ ಓಡಿಸುತ್ತಿದ್ದ. ಹಳೆಯ ಸಕ್ಕರೆ ಕಾರ್ಖಾನೆಯ ಹಿಂದಿನ ಬಿದಿರು ಮೆಳೆಯಲ್ಲಿ ತಲೆಯಿಲ್ಲದ ಒಬ್ಬ ಸಿಪಾಯಿ ಅಲೆಯುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ಆ ಸಿಪಾಯಿಯನ್ನು ಅಲ್ಲಿ ನಿಲ್ಲಿಸಿದವನು ಅಪ್ಪನೇ. ಜನ ನಡೆದು ಹೋಗದೆ ಗಾಡಿ ಹತ್ತಲಿ ಎಂದು. "ದೆವ್ವ ಇದೆ ಅಂದ್ರೆ, ಅದರಿಂದ ಯಾರಿಗೋ ಅನುಕೂಲ ಇದೆ ಅಂತ ತಿಳ್ಕೋ," ಎಂದು ಕುದುರೆಗೆ ಹುಲ್ಲು ಹಾಕುತ್ತ ಮಗನಿಗೆ ಹೇಳಿಕೊಟ್ಟಿದ್ದ. ಕಸ್ಮಾದಿ ಅದನ್ನು ಮರೆಯಲಿಲ್ಲ. ಮುಂದೆ ಅದು ತನ್ನ ಮೇಲೆಯೇ ತಿರುಗೀತೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಊರ ಕೆಳಗೆ, ದೋಣಿಗಟ್ಟೆಯಿಂದ ಸ್ವಲ್ಪ ಮುಂದೆ, ಹೊಳೆ ತಿರುಗುವಲ್ಲಿ ಒಂದು ಮಡು. ನೀರು ಅಲ್ಲಿ ಸುತ್ತುತ್ತದೆ. ಹಿಂದಿನವರಿಗೆ ಅದು ಬರೀ ಮಡು. ಅದಕ್ಕೆ ಒಬ್ಬ ಒಡತಿಯನ್ನು ಕೊಟ್ಟವನು ಕಸ್ಮಾದಿ. ನೇರಳೆ ಕುಪ್ಪಸ ತೊಡಿಸಿ, ನೇರಳೆಯ ಒಡತಿ ಎಂಬರ್ಥದಲ್ಲಿ ನ್ಯಾಯಿ ವುಂಗು ಎಂದು ಹೆಸರಿಟ್ಟ. ಒಂದೆರಡು ಕತೆಗಳಲ್ಲಿ ಅವಳು ಸುಮ್ಮನೆ ದಂಡೆಯ ಮೇಲೆ ಕೂತು ಕೂದಲು ಬಾಚಿದಳು. ಆಮೇಲೆ ಒಂದು ಬೆಳಿಗ್ಗೆ ದೋಣಿಯ ಸಾರ್ಪಿನ್ ಅಂಗಡಿಗೆ ಬಂದು ಬಾಗಿಲಿಗೆ ಒರಗಿ ನಿಂತ. ಅಲ್ಲಿ ಅಣ್ಣನಿಗೆ ಕಾಂಗ್, ಅಕ್ಕನಿಗೆ ಯು ಎನ್ನುತ್ತಾರೆ.

"ಏನ್ ಕಾಂಗ್, ನಿನ್ನ ಹೆಂಗಸಿಗೆ ಹೂ ಬಂದಿದೆ."

"ಯಾವ ಹೆಂಗಸು?" ಎಂದು ಒಳಗಿನಿಂದ ಕೇಳಿದವಳು ಕಸ್ಮಾದಿಯ ಹೆಂಡತಿ ಮುರ್ತಿನಿ.

"ನೀರಿನವಳು, ಯು. ಯಾರೋ ದೊನ್ನೇಲಿ ಹೂ, ಅನ್ನ, ಒಂದು ಲವಂಗದ ಕ್ರೆತೆಕ್ ಸಿಗರೇಟು ಎಲ್ಲ ಇಟ್ಟು ಹೋಗಿದಾರೆ. ಸಿಗರೇಟು ಸೇದೋ ದೆವ್ವ ಅಂತ ಬರೆದಿದ್ದೆಯೇನೋ ನೀನು?"

"ಇಲ್ಲ."

"ಸರಿ ಬಿಡು, ಅದನ್ನ ನಾನೇ ಸೇದಿದೆ."

ಸಾರ್ಪಿನ್ ಹಗ್ಗ ಎಳೆದು ಜನರನ್ನು ಆಚೆ ದಂಡೆಗೆ ದಾಟಿಸುವವನು. ಓದಲು ಬಾರದು. ಕಸ್ಮಾದಿಯ ಪ್ರತಿ ಕತೆಯನ್ನೂ ಮೊದಲು ಕೇಳುತ್ತಿದ್ದವನು ಅವನೇ, ಅಂಗಡಿಯ ಬೆಂಚಿನ ಮೇಲೆ ಕಾಲು ಮೇಲಿಟ್ಟು ಕೂತು. ಕೊಲೆಗಾರ ಯಾರೆಂದು ಅವನು ಅರ್ಧದಲ್ಲೇ ಹೇಳಿಬಿಟ್ಟರೆ ಕಸ್ಮಾದಿ ಕತೆಯನ್ನು ಹರಿದು ಮತ್ತೆ ಬರೆಯುತ್ತಿದ್ದ.

ಆ ಮಧ್ಯಾಹ್ನ ಅಂಗಡಿಯಲ್ಲಿದ್ದವರು ಮೂವರು, ಒಳಬಾಗಿಲ ಆಚೆ ಕಾಫಿ ಕಾಸುತ್ತಿದ್ದ ಮುರ್ತಿನಿ ಸೇರಿದರೆ ನಾಲ್ವರು. ಗ್ರಾಮದ ಕಾರ್ಯದರ್ಶಿ ಹರ್ಜಿತೊ ಹೊಸ ಖಾಕಿ ಅಂಗಿಯ ಅಳತೆ ನೋಡಿಸಲು ಬಂದಿದ್ದ. ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ; ಹುದ್ದೆಯೇ ಹೆಸರು, ಚಾರಿಕ್; ಎದುರಿಗೆ ಮರ್ಯಾದೆಗೆ ಪಾಕ್ ಚಾರಿಕ್. ಮೊದಲ ಸಲ ತೊಡಿಸಿ ನೋಡುವಾಗ ದರ್ಜಿಗಳು ಅಂಗಿಯನ್ನು ತಿರುವಿ ತೊಡಿಸುತ್ತಾರೆ. ಹೊಲಿಗೆ ಹೊರಗಿದ್ದರೆ ಹಿಡಿಸುವುದು, ಬಿಡಿಸುವುದು ಸುಲಭ. ಚಾರಿಕನ ಎಡ ಭುಜ ಬಲಕ್ಕಿಂತ ಒಂದಿಷ್ಟು ಇಳಿದದ್ದು; ಕಸ್ಮಾದಿ ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಆ ಭುಜದ ಹತ್ತಿರ ತಿಣುಕುತ್ತಿದ್ದ.

ಬೆಂಚಿನ ಮೇಲಿಂದ ಸಾರ್ಪಿನ್ ಹೇಳಿದ: "ನೋಡು ಕಾಂಗ್, ಸರ್ಕಾರದ ಒಳಮೈ ಹಿಂಗಿರತ್ತೆ. ಬರೀ ದಾರ, ಬರೀ ತೇಪೆ."

"ನಗಿಸಬೇಡವೋ, ಪಿನ್ನು ಚುಚ್ಚತ್ತೆ," ಎಂದ ಚಾರಿಕ್.

ಕಸ್ಮಾದಿ ಕೈ ನಿಲ್ಲಿಸಿ ಎರಡು ಹೆಜ್ಜೆ ಹಿಂದೆ ಸರಿದು ಚಾರಿಕನನ್ನೇ ದಿಟ್ಟಿಸಿದ. ಪಿನ್ನುಗಳನ್ನು ಅಂಗೈಗೆ ಉಗುಳಿದ. "ಸಿಕ್ತು. ಹೊಸ ಕತೇಲಿ ಊರವರು ಹೆದರೋದು ಇದಕ್ಕೇ. ನ್ಯಾಯಿ ನೀರಿಗೆ ಎಳಕೊಂಡವರನ್ನ ಹಿಂಗೇ ವಾಪಸ್ ಕಳಿಸ್ತಾಳೆ. ಅಂಗಿ ತಿರುವಿ ತೊಡಿಸಿ, ಕತ್ತಿನ ತನಕ ಗುಂಡಿ ಹಾಕಿ. ಅವಳ ಲೋಕದಲ್ಲಿ ಒಳಗಿರೋದೆಲ್ಲ ಹೊರಗೆ. ಅದೇ ಅವಳ ಗುರುತು."

ಕಾಫಿ ತಂದ ಮುರ್ತಿನಿ ಲೋಟಗಳನ್ನು ಇಡುತ್ತ, "ಹಂಗಾದ್ರೆ ನೀರೊಳಗೂ ಒಬ್ಬ ದರ್ಜಿ ಇದಾನೆ ಅನ್ನಿ. ಅವನಾದ್ರೂ ಹೇಳಿದ ದಿನಕ್ಕೆ ಕೊಡ್ತಾನಾ?" ಎಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಚಾರಿಕ್.

ನಗು ಮುಗಿಯುವ ಮೊದಲೇ ಸಾರ್ಪಿನ್ ಮಾತು ತಿರುಗಿಸಿದ. "ಪಾಕ್ ಚಾರಿಕ್, ನಿಮ್ಮ ಮರಳು ಲಾರಿಯವರಿಗೆ ಒಂಚೂರು ಹೇಳಿ. ದಂಡೆ ಅಗೆದೂ ಅಗೆದೂ ನನ್ನ ದೋಣಿ ಗೂಟಾನೇ ಅಲ್ಲಾಡ್ತಿದೆ. ಬರೋ ಮಳೆಗೆ ಕಟ್ಟೆಯೇ ಇರಲ್ಲ."

"ಲಾರಿ ನಂದಲ್ಲವೋ."

"ಊರಿಗೇ ಗೊತ್ತು ಬಿಡಿ. ಬರೋ ತಿಂಗಳ ಮೊದಲ ಸೋಮವಾರ ದೊಡ್ಡ ಸಾಹೇಬರ ಕಚೇರಿಗೆ ಹೋಗಿ ಹೇಳ್ಕೊಂಡು ಬರ್ತೀನಿ. ನಿಮ್ಮ ಮುಂದೇನೇ ಹೇಳ್ತಿದೀನಿ, ಹಿಂದೆ ಆಡ್ಕೊಂಡ ಅನ್ನಬಾರದು ನೋಡಿ."

"ಹೋಗಪ್ಪ, ಧಾರಾಳವಾಗಿ ಹೋಗು," ಎಂದು ಚಾರಿಕ್ ಕಾಫಿ ಹೀರಿದ. ಅಂಗಿ ಇನ್ನೂ ತಿರುವಿದ್ದೇ ಇತ್ತು.

ಕಸ್ಮಾದಿ ಆ ಕತೆ ಬರೆದು ಕಳಿಸಿದ. ಸಂಪಾದಕ ಅಂಗಿಯ ಮಾತನ್ನೇ ಕಿತ್ತುಹಾಕಿದ. ದರ್ಜಿತನ ಜಾಸ್ತಿಯಾಯಿತು, ಪ್ರೇತ ಕಮ್ಮಿಯಾಯಿತು ಎಂದ. ಆ ಮಾತು ಎಲ್ಲೂ ಅಚ್ಚಾಗಲಿಲ್ಲ. ಅದನ್ನು ಕೇಳಿದವರು ಆ ಅಂಗಡಿಯಲ್ಲಿದ್ದವರು ಮಾತ್ರ.

ಆ ಸೋಮವಾರಕ್ಕೆ ಮೊದಲು, ಭಾನುವಾರದ ಬೆಳಿಗ್ಗೆ, ಸಾರ್ಪಿನ್ ಮಡುವಿನಲ್ಲಿ ಸಿಕ್ಕ.

ಕಸ್ಮಾದಿ ಹೋಗುವಷ್ಟರಲ್ಲಿ ಹೆಣವನ್ನು ದಂಡೆಗೆ ಎಳೆದು ಮಲಗಿಸಿದ್ದರು. ನೀಲಿ ಗೀರಿನ ಅಂಗಿ ಕಸ್ಮಾದಿಯೇ ಹೊಲಿದದ್ದು, ಹಿಂದಿನ ಹಬ್ಬಕ್ಕೆ. ಈಗ ಅವನ ಹೊಲಿಗೆಯೆಲ್ಲ ಹೊರಗೆ ಕಾಣುತ್ತಿತ್ತು. ಕತ್ತಿನ ತನಕ ಗುಂಡಿ ಹಾಕಿತ್ತು. ಕಿವಿಯ ಹಿಂದೆ ಒಂದು ಊತ. ಎಷ್ಟೋ ಕತೆಗಳಲ್ಲಿ ಅವನು ಇಂಥ ಹೆಣಗಳನ್ನು ದಂಡೆಯ ಮೇಲೆ ಮಲಗಿಸಿದ್ದ. ಅವುಗಳ ಪಾದದಲ್ಲಿ ಎಂದೂ ಒಡಕು ಕಂಡಿರಲಿಲ್ಲ. ಸಾರ್ಪಿನ್‌ನ ಹಿಮ್ಮಡಿಯ ಒಡಕುಗಳಲ್ಲಿ ಮರಳು ಕೂತಿತ್ತು.

ಜನರ ನಡುವಿನಿಂದ ಚಾರಿಕ್‌ನ ಧ್ವನಿ ಬಂತು, ಜೋರಾಗಿಯೇ. "ಅಂಗಿ ನೋಡಿ. ಪಾಕ್ ಕಸ್ಮಾದಿ ಹೇಳಿದ್ರು. ನ್ಯಾಯಿಯ ಗುರುತು ಇದೇ ಅಂತ ನನ್ನ ಮುಂದೇನೇ ಹೇಳಿದ್ರು."

ಎಲ್ಲರ ಕಣ್ಣೂ ಕಸ್ಮಾದಿಯ ಕಡೆ ಹೊರಳಿದವು. ಕೆಲವರು ತುಸು ಹಿಂದೆ ಸರಿದು ದಾರಿ ಬಿಟ್ಟರು. ಆ ಗೌರವ ಕಸ್ಮಾದಿಗೆ ಬೇಡವಾಗಿತ್ತು; ಬಗ್ಗಿ ಅಂಗಿಯ ಗುಂಡಿಗಳನ್ನು ನೋಡಿದ.

ತಿರುವಿದ ಅಂಗಿಗೆ ಗುಂಡಿ ಹಾಕುವುದೆಂದರೆ ದರ್ಜಿಯ ಬೆರಳೂ ತಡವರಿಸುತ್ತದೆ. ಮುಳುಗುತ್ತಿರುವವನು ಹಾಕಿಕೊಳ್ಳಲಾರ. ಇಲ್ಲದ ಹೆಂಗಸು ಹಾಕಲಾರಳು. ಹಾಗಾದರೆ ದಡದ ಮೇಲೆ, ಬಿಡುವಾಗಿ ಕೂತು, ಯಾರೋ ಹಾಕಿದ್ದಾರೆ. ಊರಲ್ಲಿ ಆ ಗುರುತು ಗೊತ್ತಿದ್ದವರಲ್ಲಿ ಒಬ್ಬ ಕಾಲ ಬುಡದಲ್ಲಿ ಮಲಗಿದ್ದಾನೆ, ಇಬ್ಬರು ತಾವೇ ಗಂಡ ಹೆಂಡತಿ. ಇನ್ನು ಉಳಿದವನು ಜೋರಾಗಿ ಮಾತಾಡುತ್ತಿದ್ದಾನೆ. ಕಸ್ಮಾದಿಯ ಪತ್ತೇದಾರನಿಗೆ ಇಷ್ಟು ಸುಲಭದ ಲೆಕ್ಕ ಯಾವ ಕತೆಯಲ್ಲೂ ಸಿಕ್ಕಿರಲಿಲ್ಲ.

ಏಳನೆಯ ದಿನದ ಊಟಕ್ಕೆ ಸಾರ್ಪಿನ್‌ನ ಮನೆಯ ಚಾಪೆಗಳ ಮೇಲೆ ಊರ ಗಂಡಸರೆಲ್ಲ ಕೂತಿದ್ದಾಗ ಕಸ್ಮಾದಿ ಬಾಯಿ ಬಿಟ್ಟ. ಆ ಅಂಗಿಯ ಮಾತು ನಾನು ಕಟ್ಟಿದ್ದು, ಎಂದ. ನ್ಯಾಯಿಯನ್ನೂ ನಾನೇ ಕಟ್ಟಿದ್ದು. ಅದು ಅಚ್ಚೂ ಆಗಿಲ್ಲ.

ಪ್ರಾರ್ಥನೆ ಹೇಳಿಸಿದ ಮುದುಕ ಮೋದಿನ್ ಅವನ ಮಂಡಿಯ ಮೇಲೆ ಕೈಯಿಟ್ಟ. "ಕಟ್ಟಿದ್ದು ಅಂತ ನೀನು ಅಂದ್ಕೊಂಡಿದೀಯಪ್ಪ. ಅಚ್ಚಾಗಿಲ್ಲ ಅಂದ ಮೇಲೆ ಇನ್ನೂ ಗಟ್ಟಿಯಾಯ್ತಲ್ಲ. ಯಾರೂ ಓದದೇ ಇದ್ದದ್ದು ಹಂಗೇ ನಡೀತು ಅಂದ್ರೆ, ನಿನ್ನ ಕಿವೀಲಿ ಹೇಳಿದೋರು ಯಾರು?"

"ಕಿವೀಲಿ ಯಾರೂ ಹೇಳ್ಲಿಲ್ಲ, ಅಜ್ಜ. ಪಾಕ್ ಚಾರಿಕ್‌ಗೆ ಅಂಗಿ ಅಳತೆ ನೋಡ್ತಿದ್ದೆ. ತಿರುವಿ ತೊಡಿಸಿದ್ದೆ. ಅದನ್ನ ನೋಡಿ ಹೊಳೀತು. ಅವರು ಅಲ್ಲೇ ನಿಂತು ಕೇಳಿದ್ರು. ಕೇಳಿದೋರು ಇನ್ಯಾರೂ ಇಲ್ಲ."

ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ ಹೇಳಿದರು: "ಬೆಳಕು ಕಂಡೋರು ಯಾರೂ ನಾನು ಕಂಡೆ ಅನ್ನಲ್ಲ." ತಲೆಗಳು ಆಡಿದವು. ಅವನ ನಿರಾಕರಣೆ ವಿನಯವಾಯಿತು; ಆರೋಪ ದುಃಖವಾಯಿತು. ಚಾರಿಕ್ ಎದ್ದು ಬಂದು ಅವನ ಹೆಗಲ ಮೇಲೆ ಕೈಹಾಕಿ, "ಜೊತೆಗಾರನ್ನ ಕಳ್ಕೊಂಡಿದಾರೆ. ಒತ್ತಾಯ ಮಾಡಬೇಡಿ, ಪಾಪ," ಎಂದ. ಆ ಕೈಯ ಉಗುರುಗಳು ಚೊಕ್ಕಟವಾಗಿದ್ದವು.

ಠಾಣೆಯಲ್ಲೂ ಅಷ್ಟೇ. ಜಮಾದಾರ ಕಾಗದದ ಮೇಲೆ ಆಗಲೇ ಬರೆದಾಗಿತ್ತು: ಕಾಲು ಜಾರಿ, ತಲೆ ಕಲ್ಲಿಗೆ ತಾಗಿ. ಕಸ್ಮಾದಿ ಹೇಳಿದ್ದನ್ನೆಲ್ಲ ಅವನು ಬಹಳ ಆಸಕ್ತಿಯಿಂದ ಕೇಳಿದ. ಕೊನೆಗೆ, "ಇದು ಯಾವ ವಾರ ಬರತ್ತೆ? ನನ್ನ ಹೆಂಡ್ತಿ ನಿಮ್ಮ ಕತೆ ಬಿಡೋದೇ ಇಲ್ಲ," ಎಂದ.

ಇಷ್ಟೆಲ್ಲದರಲ್ಲಿ ಸುಟ್ಟುಹೋದವಳು ಸಾರ್ಪಿನ್‌ನ ಹೆಂಡತಿ ಲಾಸಿಯೆಮ್. ಸೋಯಾ ಕಾಳು ಬೇಯಿಸಿ, ಬಾಳೆಯೆಲೆಯಲ್ಲಿ ಕಟ್ಟಿ ಹುದುಗಿಸಿ ತೆಂಪೆ ಮಾಡಿ ಮಾರುತ್ತಿದ್ದಳು. ಗಂಡ ಸತ್ತ ಮೇಲೆ ಅವಳ ಬುಟ್ಟಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರತೊಡಗಿತು. ನ್ಯಾಯಿ ಕೈಯಿಟ್ಟ ಮನೆ ಅದು; ಆ ಕೈಯ ತಿನಿಸು ಯಾರಿಗೆ ಬೇಕು? ಒಂದು ಸಂಜೆ ಅಂಗಡಿಗೆ ಬಂದು, ಗಂಡ ಕೂರುತ್ತಿದ್ದ ಬೆಂಚಿನಲ್ಲಿ ಕೂರದೆ, ನೆಲದ ಮೇಲೆ ಕೂತಳು.

"ಕಾಂಗ್, ನಂಗೆ ಯಾರೂ ಜೈಲಿಗೆ ಹೋಗಬೇಕಾಗಿಲ್ಲ. ಮನುಷ್ಯರು ಮಾಡಿದ್ದು ಅಂತ ಒಬ್ಬರು ಜನರ ಮುಂದೆ ಹೇಳಲಿ, ಜನ ಅದನ್ನ ಹೌದು ಅನ್ನಲಿ. ಅಷ್ಟೇ. ಮನುಷ್ಯರಿಂದ ಸತ್ತೋರ ಹೆಂಡ್ತಿ ಕೈಲಿ ಜನ ತೆಂಪೆ ತಗೋತಾರೆ."

"ನಾನು ಹೇಳಿದೆನಲ್ಲ, ಯು."

"ನೀವು ಹೇಳಿದ್ರೆ ಅದು ಕತೆ."

ಅವಳು ಬೈದಿರಲಿಲ್ಲ. ಇದ್ದದ್ದನ್ನು ಹೇಳಿದ್ದಳು. ಆ ವರ್ಷವೆಲ್ಲ ಕಸ್ಮಾದಿಯ ಮನೆಯಲ್ಲಿ ಹುರಿದ ತೆಂಪೆ, ಬೇಯಿಸಿದ ತೆಂಪೆ, ಖಾರ ಹಚ್ಚಿದ ತೆಂಪೆ. "ಅವಳ ಬುಟ್ಟಿಯನ್ನ ನಾವಿಬ್ಬರೇ ತಿಂದು ಮುಗಿಸೋಕಾಗತ್ತಾ?" ಎಂದು ಮುರ್ತಿನಿ ಗೊಣಗುತ್ತಲೇ ಒಲೆ ಹಚ್ಚುತ್ತಿದ್ದಳು.

ಕತೆಯೇ ಆಗಲಿ, ಎಂದು ಕಸ್ಮಾದಿ ಕೂತ. ದೆವ್ವವೇ ಇಲ್ಲದ ಕತೆ ಬರೆದ. ಅದರಲ್ಲಿ ಒಬ್ಬ ದೋಣಿಯವನು, ಮರಳು ತೋಡಿಸುವ ಒಬ್ಬ ಅಧಿಕಾರಿ, ಒಬ್ಬ ದರ್ಜಿ, ಒಂದು ಅಂಗಿ. ಕೊನೆಯಲ್ಲಿ ಪತ್ತೇದಾರ ಜನರನ್ನೆಲ್ಲ ಮಡುವಿನ ಹತ್ತಿರ ಸೇರಿಸಿ, ಇಲ್ಲಿ ಯಾರೂ ಇಲ್ಲ, ಯಾವತ್ತೂ ಇರಲಿಲ್ಲ, ಎನ್ನುತ್ತಾನೆ. ಇಷ್ಟು ನೇರವಾಗಿ ಅವನು ಹಿಂದೆಂದೂ ಬರೆದಿರಲಿಲ್ಲ. ಅಂಚೆಗೆ ಹಾಕದೆ ತಾನೇ ರೈಲು ಹತ್ತಿ ಸುರಬಾಯಾಕ್ಕೆ ಒಯ್ದ.

ಸಂಪಾದಕ ಓದಿ ಕನ್ನಡಕ ತೆಗೆದ. "ಚೆನ್ನಾಗಿದೆ. ಆದ್ರೆ ನ್ಯಾಯಿ ಎಲ್ಲಿ? ಜನ ಕೊನೇ ಪುಟ ತೆಗೆಯೋದೇ ಅವಳಿಗಾಗಿ."

"ಈ ಸಲ ಅವಳು ಇಲ್ಲ. ಇಲ್ಲದಿರೋದೇ ಕತೆ."

"ಆಯ್ತು ಬಿಡಿ, ನೋಡೋಣ."

ನೋಡಿದ. ಅಚ್ಚಾಗಿ ಬಂದಾಗ ಪತ್ತೇದಾರನ ಮಾತು ಮುಗಿಯುತ್ತಿದ್ದ ಹಾಗೆ ನೀರು ಸೀಳಿ ನೇರಳೆ ಕುಪ್ಪಸದ ಹೆಂಗಸು ಎದ್ದು ಬಂದು, ಕೊಲೆಗಾರನ ಕಾಲು ಹಿಡಿದು ಎಳೆದುಕೊಂಡು ಹೋದಳು. ಮರುದಿನ ಅವನ ಹೆಣ ತೇಲಿತು, ಅಂಗಿ ತಿರುವಿತ್ತು. ಕಸ್ಮಾದಿಯ ಒಂದೇ ಒಂದು ನಿಯಮ ಅವನ ಹೆಸರಿನ ಕೆಳಗೇ ಮುರಿದು ಬಿದ್ದಿತ್ತು.

ಊರಿನವರಿಗೆ ಅದು ಅವನ ಕತೆಗಳಲ್ಲೇ ಮೇಲಾದದ್ದು. ಕಾವಲು ಚಾವಡಿಯಲ್ಲಿ ಓದಿಸಿ ಕೇಳಿದರು. ಚಾರಿಕ್ ಸೈಕಲ್ ನಿಲ್ಲಿಸಿ ಅಂಗಡಿಯ ಬಾಗಿಲಲ್ಲಿ ಇಣುಕಿದ. "ಓದಿದೆ, ಪಾಕ್. ಕೊನೆ ಬಹಳ ಹಿಡಿಸ್ತು. ತಪ್ಪು ಮಾಡಿದೋನಿಗೆ ಶಿಕ್ಷೆ ಆಗಲೇಬೇಕು ನೋಡಿ." ಅಣಕವೋ ಅಲ್ಲವೋ ಮುಖದಿಂದ ತಿಳಿಯಲಿಲ್ಲ.

ಅಂದಿನಿಂದ ಕಸ್ಮಾದಿ ಒಂದು ಸಾಲೂ ಬರೆಯಲಿಲ್ಲ. ಪತ್ರಿಕೆಯವರು ಬೇರೆಯವರಿಂದ ಬರೆಸಿದರು. ನ್ಯಾಯಿ ವುಂಗು ಅವನಿಲ್ಲದೆಯೇ ಚೆನ್ನಾಗಿ ಬದುಕಿದಳು.

ಚಾರಿಕ್ ಮುಂದೆ ಊರ ಮುಖಂಡನಾದ, ಲುರಾಹ್. ಜನರ ಬಾಯಲ್ಲಿ ಮಾತ್ರ ಚಾರಿಕ್ ಆಗಿಯೇ ಉಳಿದ. ಮುಖಂಡನಾದ ವರ್ಷವೇ ಮಡುವಿಗೆ ವಾರ್ಷಿಕ ಪೂಜೆಯೊಂದನ್ನು ತನ್ನ ಖರ್ಚಿನಲ್ಲಿ ಶುರು ಮಾಡಿದ. ಬಾಳೆದಿಂಡಿನ ತೆಪ್ಪದ ಮೇಲೆ ಅನ್ನದ ಗೋಪುರ, ಕೋಳಿ, ಹೂ, ಎಲ್ಲಕ್ಕಿಂತ ಮೇಲೆ ತಿರುವಿ ಗುಂಡಿ ಹಾಕಿದ ಒಂದು ಹೊಸ ಅಂಗಿ. ಜೀವದ ಬದಲಿಗೆ ಅಂಗಿ ತಗೋ ಎಂದು. ಅದನ್ನು ಹೊಲಿಯಬೇಕಾದವನು ಬೇರೆ ಯಾರು? ಊರಿನವರು ಮೆರವಣಿಗೆಯಲ್ಲಿ ಬಂದು ಬಿಳಿ ಬಟ್ಟೆ ಒಪ್ಪಿಸಿದರು.

ಅವರು ಹೋದ ಮೇಲೆ ಮುರ್ತಿನಿ ಕೇಳಿದಳು: "ಹೊಲೀತೀರಾ?"

"ಹೊಲೀತೀನಿ."

"ನಾಚಿಕೆ ಆಗಲ್ವಾ?"

ಅವನು ಗೋಡೆಯ ಮೊಳೆಯತ್ತ ಹೋದ. ಖಾಯಂ ಗಿರಾಕಿಗಳ ಅಳತೆಗೆ ಕತ್ತರಿಸಿದ ಕಂದು ಕಾಗದದ ಪಡಿಯಚ್ಚುಗಳು ಅಲ್ಲಿ ತೂಗುತ್ತಿದ್ದವು. ಒಂದನ್ನು ಇಳಿಸಿ, ಧೂಳು ಕೊಡವಿ, ಬಿಳಿ ಬಟ್ಟೆಯ ಮೇಲೆ ಹಾಸಿದ. ಎಡ ಭುಜ ಒಂದಿಷ್ಟು ಇಳಿದದ್ದು. ಮುರ್ತಿನಿ ಬಾಗಿಲು ಮುಂದೆ ಮಾಡಿ ಬಂದು ಬಟ್ಟೆಯ ಅಂಚು ಹಿಡಿದಳು.

ಜಾವಾದವರು ಕತ್ತರಿಸಿದ ಉಗುರನ್ನೂ ಕಂಡಕಂಡಲ್ಲಿ ಬಿಸಾಡುವುದಿಲ್ಲ. ಮೈಯ ಅಳತೆಯನ್ನು ನೀರಿನವಳಿಗೆ ಕೊಡುವುದೆಂದರೆ ಆ ಮೈಯನ್ನೇ ಕೊಟ್ಟ ಹಾಗೆ. ಪೂಜೆಯ ದಿನ ದಂಡೆಯಲ್ಲಿ ಅಂಗಿಯ ಮಡಿಕೆ ಬಿಚ್ಚಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಾಗ ಜನಕ್ಕೆ ಕಂಡದ್ದು ಒಂದು ಬಿಳಿ ಅಂಗಿ. ಚಾರಿಕ್‌ಗೆ ಕಂಡದ್ದು ತನ್ನ ಭುಜ. ಅವನ ಕೈ ತಾನಾಗಿಯೇ ಎಡ ಹೆಗಲಿಗೆ ಹೋಯಿತು. ಅದು ನನ್ನ ಅಳತೆ ಎಂದರೆ, ನಿನ್ನ ಅಳತೆ ಯಾಕೆ ಎಂದು ಕೇಳುವವರಿದ್ದರು. ತೆಪ್ಪ ಸುತ್ತಿ ಸುತ್ತಿ ಒಳಗೆ ಹೋಯಿತು.

ಗುಂಪಿನ ಅಂಚಿನಲ್ಲಿ ನಿಂತಿದ್ದ ಲಾಸಿಯೆಮ್‌ಳ ಹತ್ತಿರ ಹೋಗಿ ಕಸ್ಮಾದಿ ಮೆಲ್ಲಗೆ ಹೇಳಿದ: "ಆ ಅಂಗಿ ಯಾರ ಅಳತೆ ಗೊತ್ತಾ, ಯು?" ಅವಳು ನೀರನ್ನು ನೋಡಿದಳು, ಮುಖಂಡನ ಹೆಗಲನ್ನು ನೋಡಿದಳು. ಗಂಡ ಸತ್ತ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಚಂದದ ನಗುವಲ್ಲ ಅದು.

ಚಾರಿಕ್ ಅಂಗಿ ಹೊಲಿಸಲು ಪೇಟೆಗೆ ಹೋಗತೊಡಗಿದ. ಅದರಿಂದ ಏನಾಯಿತು? ಕಸ್ಮಾದಿಗೆ ಕಣ್ಣಳತೆ ಸಾಕಿತ್ತು. ವರ್ಷ ವರ್ಷವೂ ಪಡಿಯಚ್ಚಿನ ಹೊಟ್ಟೆಗೆ ಒಂದು ಪಟ್ಟಿ ಕಾಗದ ಅಂಟಿಸುತ್ತ ಹೋದ. ನ್ಯಾಯಿಗೆ ಕೊಡುವ ಅಂಗಿ ಯಾಕೆ ಅಗಲವಾಗುತ್ತಿದೆ ಎಂದು ಯಾರಾದರೂ ಕೇಳಿದರೆ, "ಅವಳ ಹಸಿವು ಜಾಸ್ತಿಯಾಗ್ತಿದೆ," ಎನ್ನುತ್ತಿದ್ದ, ಎದುರಿಗೆ ಚಾರಿಕ್ ಇರುವಾಗಲೇ.

ಆದರೆ ಏನೂ ಆಗಲಿಲ್ಲ. ಚಾರಿಕ್‌ಗೆ ಜ್ವರವೂ ಬರಲಿಲ್ಲ. ಮೆಕ್ಕಾಕ್ಕೆ ಹೋಗಿ ಬಂದ. ಹಂಚಿನ ಮನೆ ಕಟ್ಟಿಸಿದ. ದೋಣಿಗಟ್ಟೆ ಕುಸಿದು ಹೊಳೆಯ ಪಾಲಾಯಿತು, ಲಾರಿಗಳು ಇನ್ನೂ ಕೆಳಗೆ ಇಳಿದವು. ದೋಣಿ ಬೇರೆ ಕಡೆಯಿಂದ ಓಡಿತು; ಅದನ್ನು ಹತ್ತುವುದನ್ನು ಮಾತ್ರ ಅವನು ಬಿಟ್ಟ. ಸೇತುವೆ ಹಿಡಿದು ಸುತ್ತಿಬಳಸಿ ಹೋಗುತ್ತಿದ್ದ. ಸಾರ್ಪಿನ್‌ನ ಜೀವಕ್ಕೆ ಊರು ಕಟ್ಟಿದ ಬೆಲೆ ಅಷ್ಟೇ, ಒಬ್ಬ ಕೊಬ್ಬಿದ ಮನುಷ್ಯನಿಗೆ ಒಂದಿಷ್ಟು ಸುತ್ತುದಾರಿ. ಲಾಸಿಯೆಮ್ ತೆಂಪೆಯನ್ನು ಯಾರೂ ಅವಳನ್ನು ಅರಿಯದ ಆಚೆ ದಂಡೆಯ ಊರುಗಳಿಗೆ ಹೊತ್ತು ಮಾರಿದಳು.

"ನಾನೇ ಹೇಳ್ತಿದ್ದೆನಲ್ಲ, ದೆವ್ವ ಕೊಲ್ಲಲ್ಲ ಅಂತ," ಎಂದು ಕೊನೆಯ ಕಾಯಿಲೆಯಲ್ಲಿ ಮಲಗಿದ್ದ ಕಸ್ಮಾದಿ ಹೆಂಡತಿಗೆ ಹೇಳಿದ. ನೂಲಿನ ಧೂಳು ಕುಡಿದ ಎದೆ ಅವನದು. ಮಾತಿನ ನಡುವೆ ಬಹಳ ಹೊತ್ತು ಉಸಿರಿಗೆ ಕಾಯಬೇಕಿತ್ತು. "ಅಪ್ಪನ ಸಿಪಾಯಿನೂ ಯಾರನ್ನೂ ಕೊಲ್ಲಲಿಲ್ಲ." ಅವನನ್ನು ಮಣ್ಣು ಮಾಡಿದ ದಿನ ಊರೆಲ್ಲ ಬಂತು. ನ್ಯಾಯಿಯ ಮಾತು ಕೇಳಿಸಿಕೊಂಡ ಮನುಷ್ಯ ಎಂದು ಮೋದಿನ್‌ನ ಮಗ ಗೋರಿಯ ಹತ್ತಿರ ಹೊಗಳಿದ. ಕಸ್ಮಾದಿ ಬದುಕಿರುವ ತನಕ ಒಪ್ಪದ ಮಾತನ್ನು ಅವನು ಎದ್ದು ಅಲ್ಲಗಳೆಯಲಾಗದ ದಿನ ಹೇಳಿದರು.

ವಾರ ಕಳೆದು ಚಾರಿಕ್ ಮುರ್ತಿನಿಯ ಮನೆಗೆ ಬಂದ. ಸಕ್ಕರೆ, ಅಕ್ಕಿ ತಂದಿದ್ದ. ಬೆಂಚಿನ ಮೇಲೆ ಕೂತು ಅದೂ ಇದೂ ಮಾತಾಡಿ, ಗೋಡೆಯ ಮೊಳೆಯ ಕಡೆ ನೋಡಿದ.

"ಯು, ನನ್ನ ಅಳತೆ ಕಾಗದ ಒಂದಿತ್ತಲ್ಲ, ಹಳೇದು. ಪೇಟೆಯ ದರ್ಜಿಗೆ ಸರಿಯಾಗಿ ಬರ್ತಿಲ್ಲ. ಕೊಟ್ಟಿದ್ರೆ..."

"ಅಯ್ಯೋ, ಅದಿಲ್ಲವಲ್ಲ."

"ಸುಟ್ಟುಬಿಟ್ರಾ?" ಅವನ ದನಿಯಲ್ಲಿ ಆಸೆಯಿತ್ತು.

"ಸುಡ್ತಾರಾ ಯಾರಾದ್ರೂ, ಅಷ್ಟು ಒಳ್ಳೇ ಕಾಗದ? ಲಾಸಿಯೆಮ್ ಕೇಳಿದ್ಲು, ಕೊಟ್ಟೆ. ಹೊಲಿಗೆ ಕಲೀತಿದಾಳಂತೆ."

ಚಾರಿಕ್ ಕಾಫಿ ಮುಗಿಸದೆ ಎದ್ದ. ಮುರ್ತಿನಿ ಅಕ್ಕಿಯನ್ನು ಕೋಳಿಗಳಿಗೆ ಹಾಕಿದಳು.

ಆ ವರ್ಷದ ಅಂಗಿಯ ಹೊಲಿಗೆ ಸೊಟ್ಟಪಟ್ಟವಾಗಿತ್ತು. ಒಂದು ತೋಳು ಉದ್ದ, ಒಂದು ಗಿಡ್ಡ. ಕತ್ತುಪಟ್ಟಿ ನಾಯಿ ಕಚ್ಚಿದ ಹಾಗೆ. ದಂಡೆಯಲ್ಲಿ ಎತ್ತಿ ಹಿಡಿದಾಗ ಜನ ನಕ್ಕರು. ಪಾಕ್ ಕಸ್ಮಾದಿ ಹೋದ ಮೇಲೆ ನ್ಯಾಯಿಗೆ ಇದೇ ಗತಿ ಎಂದರು. ಎಡ ಭುಜ ಮಾತ್ರ ಸರಿಯಾಗಿ ಇಳಿದಿತ್ತು. ಲಾಸಿಯೆಮ್ ಈ ಸಲ ಗುಂಪಿನ ಅಂಚಿನಲ್ಲಿ ನಿಂತಿರಲಿಲ್ಲ. ಮುಂದೆ ಬಂದು, ಮುಖಂಡನ ಪಕ್ಕದಲ್ಲೇ, ಅವನ ತೋಳಿಗೆ ತೋಳು ತಾಗುವಷ್ಟು ಹತ್ತಿರ ನಿಂತು, ತೆಪ್ಪ ಮುಳುಗುವ ತನಕ ನೋಡಿದಳು.